ಸೂಜಿ ಹಾಕಿಸಿದ್ದೇ ಬಂತು, ದನ ಗಬ್ಬ ನಿಲ್ಲುತ್ತಿಲ್ಲ. ಮಲೆನಾಡಿನವರು ಏನಂತೀರಿ?

ರಿಪ್ಪನ್‌ಪೇಟೆ ಹುಡುಗ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ದನ ಒಂದಿದೆ. ಎರಡನೇ ಕರು ಹಾಕಿ ಆರು ತಿಂಗಳ ಮೇಲಾಯ್ತು. ಹಾಲು ಚೆನ್ನಾಗಿಯೇ ಕೊಡುತ್ತಿದೆ, ಆದರೆ ಗಬ್ಬ ನಿಲ್ಲುತ್ತಿಲ್ಲ. ಬೆದೆಗೆ ಬರುತ್ತದೆ, ಸೂಜಿ (ಕೃತಕ ಗರ್ಭಧಾರಣೆ) ಹಾಕಿಸುತ್ತೇವೆ, ಮೂರು ವಾರ ಆಯ್ತು ಅನ್ನುವಷ್ಟರಲ್ಲಿ ಮತ್ತೆ ಕೂಗಲು ಶುರು. ಅಪ್ಪ ಹೇಳುವುದು ಹೋರಿಯ ವೀರ್ಯ ತುಂಬಿದ ಕಡ್ಡಿಯಲ್ಲೇ ಜೀವ ಇಲ್ಲ ಅಂತ. ಅಜ್ಜಿಗೆ ದೃಷ್ಟಿಯಾಗಿದೆ ಅನ್ನುವ ಅನುಮಾನ. ಪಕ್ಕದ ಮನೆಯವರು ಮಾರಿಬಿಡಿ ಅಂತಾರೆ. ಇನ್ನೊಂದು ವಿಷಯ, ಕಳೆದ ಸಲ ಸೂಜಿ ಹಾಕಿಸಿ ಎರಡು ದಿನಕ್ಕೆ ಬಾಲಕ್ಕೆ ರಕ್ತ ಮೆತ್ತಿತ್ತು. ಒಳಗೆ ನಿಜಕ್ಕೂ ಏನಾಗುತ್ತದೆ ಅಂತ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಬೇಣದ ಗೌಡ
ಹೋರಿಗೆ ಬಿಡಿ ಮಾರಾಯ್ರೆ, ಮುಗೀತು. ಮೊದಲೆಲ್ಲ ದನ ಬೆಳಿಗ್ಗೆ ಮೇಯಲು ಬೇಣಕ್ಕೆ ಹೋಗುತ್ತಿತ್ತು, ಸಂಜೆ ಬರುತ್ತಿತ್ತು, ಯಾವತ್ತು ಗಬ್ಬ ಆಯ್ತು ಅಂತ ಮನೆಯವರಿಗೆ ಗೊತ್ತೂ ಆಗುತ್ತಿರಲಿಲ್ಲ. ನಮ್ಮ ಮಲೆನಾಡು ಗಿಡ್ಡ ಜಾತಿಯ ದನ ವರ್ಷಕ್ಕೊಂದು ಕರು ಹಾಕುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿ ಕಡ್ಡಿಯಲ್ಲಿ ಕರು ಮಾಡಿಸುತ್ತೇವೆ ಅಂದರೆ ಹೀಗೇ ಆಗುವುದು.

ಕೊಟ್ಟಿಗೆ ಅಕ್ಕ
ಗೌಡ್ರೇ, ಕಟ್ಟಿ ಹಾಕಿದ್ದರಿಂದ ತೊಂದರೆ ಅಂದಿರಲ್ಲ, ಅದು ಸರಿ. ಕಡ್ಡಿಯಿಂದ ತೊಂದರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬೇಣದಲ್ಲಿ ಹೋರಿ ಜೊತೆಗೇ ಇರುತ್ತಿತ್ತು. ದನ ಬೆದೆಗೆ ಬರುವ ಹಿಂದಿನ ದಿನದಿಂದಲೇ ಮೂಸುತ್ತಾ ಹಿಂದೆ ಬೀಳುತ್ತದೆ, ದನ ನಿಂತು ಕೊಟ್ಟಾಗಲೇ ಹತ್ತುತ್ತದೆ, ಅದೂ ಒಂದು ಸಲ ಅಲ್ಲ, ಹಲವು ಸಲ. ಹೊತ್ತು ನೋಡುವ ಕೆಲಸ ಪೂರ್ತಿ ಹೋರಿಯದ್ದೇ ಆಗಿತ್ತು. ಈಗ ಹೋರಿ ಇಲ್ಲ, ಆ ಕೆಲಸ ನಮ್ಮ ತಲೆ ಮೇಲೆ ಬಂದಿದೆ, ನಾವು ಅದನ್ನು ಸರಿಯಾಗಿ ಮಾಡುತ್ತಿಲ್ಲ. ಅಷ್ಟೇ ವಿಷಯ.

ಲೆಕ್ಕ ಹೇಳುತ್ತೇನೆ ಕೇಳಿ. ದನಕ್ಕೆ ಸುಮಾರು 21 ದಿನಕ್ಕೊಮ್ಮೆ ಬೆದೆ, 18ರಿಂದ 24ರ ಒಳಗೆ ಬಂದರೂ ಸರಿಯೇ. ಬೆದೆ ಇರುವುದು 12ರಿಂದ 18 ಗಂಟೆ. ಜಾಸ್ತಿ ಹಾಲು ಕೊಡುವ ಎಚ್‌ಎಫ್‌ಗಳಲ್ಲಿ ಅದಕ್ಕಿಂತ ಕಡಿಮೆಯೂ ಇರುತ್ತದೆ. ಅಂಡಾಣು ಬಿಡುಗಡೆ ಆಗುವುದು ಬೆದೆ ನಡೆಯುತ್ತಿರುವಾಗ ಅಲ್ಲ, ಬೆದೆ ಮುಗಿದು ಇನ್ನೂ 10-12 ಗಂಟೆ ಆದ ಮೇಲೆ. ಹೊರಗೆ ಬಂದ ಅಂಡಾಣು ಅರ್ಧ ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ವೀರ್ಯಾಣು ಒಳಗೆ ಸುಮಾರು ಒಂದು ದಿನ ಬದುಕುತ್ತದೆ, ಆದರೆ ಹೋದ ಕೂಡಲೇ ಅದಕ್ಕೆ ಅಂಡಾಣುವನ್ನು ಸೇರುವ ಶಕ್ತಿ ಇರುವುದಿಲ್ಲ, ಗರ್ಭಕೋಶದ ಒಳಗೆ ಕೆಲವು ಗಂಟೆ ಹದವಾಗಬೇಕು. ಬೇಗ ಹಾಕಿಸಿದರೆ ಅಂಡಾಣು ಬರುವಷ್ಟರಲ್ಲಿ ವೀರ್ಯಾಣು ಸುಸ್ತು. ತಡವಾದರೆ ಅಂಡಾಣುವೇ ಹಳತಾಗಿರುತ್ತದೆ. ಅದಕ್ಕೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಅಂತ ಹೇಳುವುದು.

ತಮ್ಮಾ, ನೀನು ಫೋನ್ ಮಾಡುವುದು ಯಾವಾಗ, ಅವರು ಬರುವುದು ಯಾವಾಗ, ಅದನ್ನು ಮೊದಲು ಹೇಳು.

ರಿಪ್ಪನ್‌ಪೇಟೆ ಹುಡುಗ
ಕೂಗಿದ ಕೂಡಲೇ ಫೋನ್ ಮಾಡುತ್ತೇವೆ ಅಕ್ಕ. ಕೆಲವು ಸಲ ಅರ್ಧ ಗಂಟೆಗೇ ಬಂದು ಹಾಕಿ ಹೋಗುತ್ತಾರೆ, ಕೆಲವು ಸಲ ಮರುದಿನ ಮಧ್ಯಾಹ್ನ. ಮಳೆಗಾಲದಲ್ಲಂತೂ ನೆಟ್‌ವರ್ಕ್ ಇರುವುದಿಲ್ಲ, ಫೋನ್ ತಾಗಿದರೆ ಪುಣ್ಯ.

ಕೊಟ್ಟಿಗೆ ಅಕ್ಕ
ನೋಡು, ಅಲ್ಲೇ ಇದೆ. ಕೂಗುವುದು ಬೆದೆಯ ಗುರುತು ಹೌದು, ಆದರೆ ಅದನ್ನೇ ನಂಬಿದರೆ ಆಗುವುದಿಲ್ಲ. ಹಸಿವಾದರೂ ಕೂಗುತ್ತದೆ, ಕರು ಮಾರಿದರೂ ಕೂಗುತ್ತದೆ. ಗಟ್ಟಿ ಗುರುತು ಒಂದೇ: ಇನ್ನೊಂದು ದನ ಮೇಲೆ ಹತ್ತಿದಾಗ ಅಲುಗಾಡದೆ ನಿಲ್ಲುವುದು. ಕಟ್ಟಿ ಹಾಕಿದ ಒಂಟಿ ದನದಲ್ಲಿ ಅದನ್ನು ಎಲ್ಲಿ ನೋಡುತ್ತೀಯ? ಬೆಳಿಗ್ಗೆ ಹಾಲು ಕರೆದ ಮೇಲೆ ಒಮ್ಮೆ, ಸಂಜೆ ಒಮ್ಮೆ ಅಂಗಳಕ್ಕೆ ಬಿಡು. ಜೊತೆಗೆ ಮಣಕವೋ (ಇನ್ನೂ ಕರು ಹಾಕದ ದನ) ಇನ್ನೊಂದು ದನವೋ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಊಟ ಆದ ಮೇಲೆ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಒಂದು ಸುತ್ತು ಹೋಗು. ದನ ಮಲಗಿ ಮೆಲುಕು ಹಾಕುವಾಗ ಲೋಳೆ ತಾನಾಗಿ ಹೊರಗೆ ಜಾರುತ್ತದೆ, ಹಿಂದೆ ಹಾಸಿದ ದರಗಿನ (ಒಣ ಎಲೆ) ಮೇಲೆ ಕಾಣುತ್ತದೆ. ಹಗಲು ನಿಂತಾಗ ಎಷ್ಟೋ ಸಲ ಏನೂ ಕಾಣುವುದಿಲ್ಲ. ಲೋಳೆ ಲೋಳೆಸರದ ಒಳಗಿನ ತಿರುಳಿನ ಹಾಗೆ ತಿಳಿಯಾಗಿ, ತುಂಡಾಗದೆ ಉದ್ದಕ್ಕೆ ಇಳಿಯಬೇಕು. ಬೆದೆಗೆ ಬಂದ ದಿನ ಹಾಲು ಒಂಚೂರು ಇಳಿಯುತ್ತದೆ, ಮೇವು ಬಿಡುತ್ತದೆ, ಪದೇ ಪದೇ ಗಂಜಲ ಹೊಯ್ಯುತ್ತದೆ.

ಡೈರಿಯಿಂದ ಕೊಡುವ ಕ್ಯಾಲೆಂಡರ್ ಇದ್ದೇ ಇರುತ್ತದಲ್ಲ, ಅದರಲ್ಲಿ ತಾರೀಕು ಬರೆದಿಡು. 19ನೇ ದಿನದಿಂದ ಕಣ್ಣಿಟ್ಟರೆ ಸಾಕು.

ಸೊರಬ ಕಡೆ ಡಾಕ್ಟರ್
ಅಕ್ಕ ಹೇಳಿದ್ದು ಸರಿ. ನಾನು ಪಶುವೈದ್ಯ, ರಕ್ತದ ವಿಷಯ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ.

ಬೆದೆ ಮುಗಿದು ಎರಡು ಮೂರು ದಿನಕ್ಕೆ ಸ್ವಲ್ಪ ರಕ್ತ ಬರುವುದು ರೋಗ ಅಲ್ಲ. ಬೆದೆಯ ಹಾರ್ಮೋನಿಗೆ ಗರ್ಭಕೋಶದ ಒಳಪದರ ಉಬ್ಬಿರುತ್ತದೆ. ಆ ಹಾರ್ಮೋನು ಇಳಿದಾಗ ಸಣ್ಣ ರಕ್ತನಾಳ ಒಡೆಯುತ್ತವೆ. ಮಣಕಗಳಲ್ಲಿ ಇದು ಜಾಸ್ತಿ. ರಕ್ತ ಬಂತು ಅಂದರೆ ಗಬ್ಬ ಜಾರಿತು ಅಂತಲೂ ಅಲ್ಲ, ನಿಂತಿತು ಅಂತಲೂ ಅಲ್ಲ. ಅದರಿಂದ ಗೊತ್ತಾಗುವುದು ಇಷ್ಟೇ: ಬೆದೆ ಆಗಿ ಹೋಗಿದೆ. ನೀವು ಬೆದೆ ನೋಡದೆ ರಕ್ತ ಮಾತ್ರ ನೋಡಿದ್ದರೆ ಇನ್ನು 18-19 ದಿನಕ್ಕೆ ಮುಂದಿನದು ಅಂತ ಗುರುತು ಹಾಕಿಕೊಳ್ಳಿ. ರಕ್ತ ಕಂಡ ದಿನ ಸೂಜಿ ಹಾಕಿಸಿದರೆ ದಂಡ.

ಇನ್ನು 21 ದಿನಕ್ಕೆ ಮತ್ತೆ ಬರುವುದು ಯಾಕೆ? ಅಂಡಾಣು ಹೊರಬಂದ ಜಾಗದಲ್ಲಿ ಅಂಡಾಶಯದ ಮೇಲೆ ಒಂದು ಹಳದಿ ಗಂಟು ಬೆಳೆಯುತ್ತದೆ. ಅದು ಪ್ರೊಜೆಸ್ಟೆರಾನ್ ಸುರಿಸುತ್ತದೆ. ಆ ಹಾರ್ಮೋನು ಇರುವವರೆಗೆ ಮತ್ತೆ ಬೆದೆ ಇಲ್ಲ. ಒಳಗೆ ಭ್ರೂಣ ಇದ್ದರೆ 15-17ನೇ ದಿನದ ಹೊತ್ತಿಗೆ ಅದು ಇಂಟರ್‌ಫೆರಾನ್ ಟೌ ಅನ್ನುವ ಪ್ರೋಟೀನ್ ಬಿಟ್ಟು ತಾನಿದ್ದೇನೆ ಅಂತ ಗರ್ಭಕೋಶಕ್ಕೆ ತಿಳಿಸುತ್ತದೆ. ದನ, ಎಮ್ಮೆ, ಆಡು, ಕುರಿ, ಹೀಗೆ ಮೆಲುಕು ಹಾಕುವ ಪ್ರಾಣಿಗಳಲ್ಲಿ ಮಾತ್ರ ಈ ಏರ್ಪಾಡು, ನಮ್ಮಲ್ಲಿ ಬೇರೆ. ಆ ಸುದ್ದಿ ಮುಟ್ಟದಿದ್ದರೆ ಗರ್ಭಕೋಶ ಪ್ರೊಸ್ಟಗ್ಲಾಂಡಿನ್ ಬಿಡುತ್ತದೆ, ಅದು ಹಳದಿ ಗಂಟನ್ನು ಕರಗಿಸುತ್ತದೆ, ದನ ಮತ್ತೆ ಬೆದೆಗೆ ಬರುತ್ತದೆ.

ಅಂದರೆ ನಿಮ್ಮ ದನದಲ್ಲಿ ಗರ್ಭ ಕಟ್ಟಲೇ ಇಲ್ಲ ಅಂತ ಹೇಳಲು ಬರುವುದಿಲ್ಲ. ಎಷ್ಟೋ ಸಲ ಅಂಡಾಣು ವೀರ್ಯಾಣು ಸೇರಿರುತ್ತವೆ, ಆದರೆ ಭ್ರೂಣ ಮೊದಲ ಎರಡು ವಾರದಲ್ಲೇ ಸತ್ತು ಹೋಗಿರುತ್ತದೆ. ಸುದ್ದಿ ಹೇಳುವವರೇ ಇಲ್ಲ, ಹಾಗಾಗಿ ಸರಿಯಾಗಿ 21ನೇ ದಿನಕ್ಕೆ ಬೆದೆ. ಸುದ್ದಿ ಹೇಳಿದ ಮೇಲೆ ಸತ್ತರೆ ಒಂದು ತಿಂಗಳೋ ಒಂದೂವರೆ ತಿಂಗಳೋ ಬಿಟ್ಟು ಬರುತ್ತದೆ. ಅದಕ್ಕೇ ತಾರೀಕು ಬೇಕು ಅನ್ನುವುದು. ತಾರೀಕು ಇಲ್ಲದೆ ಬಂದವರಿಗೆ ನಾವು ಕೊಡುವ ಚಿಕಿತ್ಸೆ ಅರ್ಧ ಊಹೆ.

ಬೇಣದ ಗೌಡ
ಡಾಕ್ಟ್ರೇ, ಹಾಗಾದರೆ ಕಡ್ಡಿಯಲ್ಲಿ ದೋಷವೇ ಇಲ್ಲ ಅಂತೀರಾ? ನಿಮ್ಮವರ ಪರ ನೀವು ಹೇಳಲೇಬೇಕು ಬಿಡಿ.

ಸೊರಬ ಕಡೆ ಡಾಕ್ಟರ್
ಹಾಗೆ ಹೇಳಲಿಲ್ಲ ಗೌಡ್ರೇ. ಕಡ್ಡಿ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇರಬೇಕು. ಕ್ಯಾನ್ ಒಣಗಿದರೆ, ಅಥವಾ ಬೇರೆ ಕಡ್ಡಿ ಹುಡುಕಲು ಮೇಲೆತ್ತಿ ಹಿಡಿದುಕೊಂಡು ನಿಂತರೆ, ಒಳಗಿನದು ಹಾಳು. ಹಾಕುವ ಮೊದಲು 37 ಡಿಗ್ರಿ ಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕರಗಿಸಬೇಕು. ಕಿಸೆಯಲ್ಲಿ ಇಟ್ಟೋ, ಅಂಗೈಯಲ್ಲಿ ಉಜ್ಜಿಯೋ ಹಾಕಿದರೆ ಬಹಳಷ್ಟು ವೀರ್ಯಾಣು ಸಾಯುತ್ತವೆ. ನೀವು ಪಕ್ಕದಲ್ಲಿ ನಿಂತು ನೋಡಿ, ಥರ್ಮಾಮೀಟರ್ ಎಲ್ಲಿ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಎಲ್ಲ ಸರಿ ಇದ್ದರೂ ಹಳ್ಳಿ ಕಡೆ ಒಂದು ಸಲಕ್ಕೆ ಗಬ್ಬ ನಿಲ್ಲುವುದು ನೂರಕ್ಕೆ 35-40 ದನಗಳಲ್ಲಿ ಮಾತ್ರ. ಎರಡು ಸಲ ನಿಲ್ಲಲಿಲ್ಲ ಅಂತ ಗೊಡ್ಡು ಅನ್ನಬೇಡಿ. ಮೂರು ಸಲ ಸರಿಯಾದ ಹೊತ್ತಿಗೆ ಹಾಕಿಸಿಯೂ ನಿಲ್ಲದಿದ್ದರೆ ಮಾತ್ರ ಪರೀಕ್ಷೆ ಬೇಕು.

ಮತ್ತೆ ಸೂಜಿ ನಿನ್ನೆ ಮೊನ್ನೆಯದಲ್ಲ. ನಮ್ಮ ದೇಶದಲ್ಲಿ ಇದನ್ನು ಮೊದಲು ಮಾಡಿದ್ದು ಮೈಸೂರು ಅರಮನೆ ಡೈರಿ ಫಾರ್ಮಿನಲ್ಲಿ, 1939ರಲ್ಲಿ, ಡಾ. ಸಂಪತ್ ಕುಮಾರನ್ ಅನ್ನುವವರು.

ಊರ ಹೋರಿ ಬೇಡ ಅನ್ನಲು ಇನ್ನೊಂದು ಕಾರಣ ಇದೆ. ಎಲ್ಲರ ಮನೆ ದನ ಹತ್ತಿದ ಹೋರಿ ಎಲ್ಲರ ಮನೆಯ ರೋಗವನ್ನೂ ಹೊತ್ತು ತರುತ್ತದೆ. ಪರೀಕ್ಷೆ ಮಾಡಿಸಿದ ಹೋರಿ ಆದರೆ ನನ್ನ ಅಡ್ಡಿ ಇಲ್ಲ. ಯಾರು ಮಾಡಿಸುತ್ತಾರೆ ಹೇಳಿ.

ದರಗಿನ ಗುಡ್ಡೆ
ಆಗುಂಬೆ ಕಡೆಯವನು ನಾನು. ಎಲ್ಲರೂ ಸೂಜಿ ಸೂಜಿ ಅಂತಿದ್ದೀರಿ, ತಟ್ಟೆಯಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ.

ನಮ್ಮ ಕಡೆ ಮೇವು ಅಂದರೆ ಬೈಹುಲ್ಲು. ಅದರಲ್ಲಿ ಪ್ರೋಟೀನ್ ನೂರಕ್ಕೆ ಮೂರು ನಾಲ್ಕು, ಸುಣ್ಣದ ಅಂಶ, ರಂಜಕ ಎರಡೂ ಕಡಿಮೆ. ಹಸಿಹುಲ್ಲು ಇದೆಯಲ್ಲ ಅಂತೀರಿ. ಮಳೆ ಸುರಿದೂ ಸುರಿದೂ ನಮ್ಮ ಮಣ್ಣಿನ ಸಾರವೆಲ್ಲ ಹೊಳೆ ಸೇರಿದೆ, ಜಂಬಿಟ್ಟಿಗೆ ನೆಲದ ಹುಳಿ ಮಣ್ಣು, ಅದರ ಮೇಲೆ ಬೆಳೆದ ಹುಲ್ಲಿನಲ್ಲಿ ಏನು ಇರಲು ಸಾಧ್ಯ? ಅಕ್ಕಚ್ಚು (ಅಕ್ಕಿ ತೊಳೆದ ನೀರು) ಎಷ್ಟು ಕೊಟ್ಟರೂ ಹೊಟ್ಟೆ ತುಂಬುತ್ತದೆ ಅಷ್ಟೇ. ಎಚ್‌ಎಫ್ ಕ್ರಾಸು ತಿಂದದ್ದನ್ನೆಲ್ಲ ಮೊದಲು ಹಾಲಿಗೆ ಹಾಕುತ್ತದೆ, ಸಾಲದಿದ್ದರೆ ಮೈಯ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ, ಗಬ್ಬದ ಸರದಿ ಬರುವುದು ಕೊನೆಗೆ. ಕರು ಹಾಕಿ ಎರಡು ತಿಂಗಳಲ್ಲಿ ಪಕ್ಕೆಲುಬು ಎಣಿಸುವ ಹಾಗಾದ ದನಕ್ಕೆ ಯಾವ ದೇವರು ಬಂದು ಸೂಜಿ ಹಾಕಿದರೂ ನಿಲ್ಲುವುದಿಲ್ಲ.

ದಿನಾ 50 ಗ್ರಾಂ ಖನಿಜ ಮಿಶ್ರಣ, ಹಾಲಿನ ಲೆಕ್ಕಕ್ಕೆ ಹಿಂಡಿ, ಸ್ವಲ್ಪ ಉಪ್ಪು. ಹಾಲು ಹಾಕುವ ಸೊಸೈಟಿಯಲ್ಲೇ ಸಿಗುತ್ತದೆ. ಜಂತುಹುಳದ ಔಷಧ ಮರೆಯಬೇಡಿ, ನಮ್ಮ ಜೌಗು ಗದ್ದೆಯ ಹುಲ್ಲು ತಿಂದ ದನಗಳಿಗೆ ಪಿತ್ತಜನಕಾಂಗದ (ಲಿವರ್) ಹುಳ ಸಾಮಾನ್ಯ.

ಕೊಟ್ಟಿಗೆ ಅಕ್ಕ
ಇದು ನೂರಕ್ಕೆ ನೂರು ನಿಜ. ಒಂದು ಸೇರಿಸುತ್ತೇನೆ. ಕರು ಹಾಕಿದ ಮೇಲೆ ಗರ್ಭಕೋಶ ಮೊದಲಿನ ಅಳತೆಗೆ ಬರಲು ಸುಮಾರು 40-45 ದಿನ ಬೇಕು. ಬೆದೆಗೆ ಬಂತು ಅಂತ ಒಂದೇ ತಿಂಗಳಿಗೆ ಹಾಕಿಸುವವರಿದ್ದಾರೆ. 60 ದಿನ ಆಗಲಿ. ಮೂರು ತಿಂಗಳಾದರೂ ಬೆದೆಯೇ ಕಾಣದಿದ್ದರೆ ತೋರಿಸಬೇಕು.

ಲೋಳೆಯಲ್ಲಿ ಬಿಳಿ ಕಂಡರೆ ಸೂಜಿ ಹಾಕಿಸಲೇಬೇಡಿ. ಅದು ಕೀವು. ಮೊದಲು ಗರ್ಭಕೋಶಕ್ಕೆ ಔಷಧ.

ತೋಟದ ಮನೆ ಸೊಸೆ
ಕೀವು ಅಂದಾಗ ನೆನಪಾಯಿತು. ನಮ್ಮಲ್ಲಿ ಕರು ಹಾಕಿದ ಮೇಲೆ ಮಾಸು ಬೀಳದಿದ್ದರೆ ಅದಕ್ಕೆ ಕಲ್ಲು ಕಟ್ಟುತ್ತಾರೆ. ಮಾವ ಕೈ ಹಾಕಿ ಎಳೆಸುತ್ತಾರೆ. ಇದು ಸರಿಯಾ ಡಾಕ್ಟ್ರೇ?

ಸೊರಬ ಕಡೆ ಡಾಕ್ಟರ್
ಬೇಡಮ್ಮಾ, ಎರಡೂ ಬೇಡ. ಮನುಷ್ಯರ ಮಾಸು ಒಂದೇ ತಟ್ಟೆ. ದನದ್ದು ಹಾಗಲ್ಲ. ಗರ್ಭಕೋಶದ ಒಳಗೋಡೆಯಲ್ಲಿ 80ರಿಂದ 120ರಷ್ಟು ಉಬ್ಬುಗಳಿರುತ್ತವೆ, ಒಂದೊಂದಕ್ಕೂ ಮಾಸು ಬೇರೆ ಬೇರೆಯಾಗಿ ಕಚ್ಚಿಕೊಂಡಿರುತ್ತದೆ. ಕರು ಬಂದ ಮೇಲೆ ಒಂದೊಂದೇ ಬಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳುತ್ತದೆ. ಎಳೆದರೆ ಕೆಲವು ಕಡೆ ಬಿಡುತ್ತದೆ, ಕೆಲವು ಕಡೆ ಹರಿದು ತುಂಡು ಒಳಗೇ ಕೊಳೆಯುತ್ತದೆ, ಉಬ್ಬಿಗೆ ಗಾಯ ಆಗುತ್ತದೆ. ಆಮೇಲೆ ಗಬ್ಬ ನಿಲ್ಲುವುದಿಲ್ಲ ಅಂತ ನಮ್ಮ ಹತ್ತಿರ ಬರುವ ಎಷ್ಟೋ ದನಗಳ ಕತೆ ಶುರುವಾಗುವುದು ಇಲ್ಲೇ. ನೇತಾಡುವುದನ್ನು ನೆಲಕ್ಕೆ ತಾಗದ ಹಾಗೆ ಕತ್ತರಿಸಿ ಬಿಡಿ. ಜ್ವರ ಬಂದರೆ, ಮೇವು ಬಿಟ್ಟರೆ, ವಾಸನೆ ಬಂದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕೈಗವಸು ಇಲ್ಲದೆ ಮಾಸು ಮುಟ್ಟಬೇಡಿ. ಐದಾರು ತಿಂಗಳು ದಾಟಿದ ಗಬ್ಬ ಜಾರಿದ್ದರೆ ಇನ್ನೂ ಹುಷಾರು. ಗಬ್ಬ ಜಾರಿಸುವ ಬ್ರುಸೆಲ್ಲಾ ರೋಗಾಣು ಇದ್ದರೆ ಮನುಷ್ಯರಿಗೂ ಹತ್ತುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ಒಳಗೆ ಲಸಿಕೆ ಇದೆ, ಜೀವನಕ್ಕೆ ಒಂದೇ ಸಲ. ಜಾರಿದ ಗರ್ಭವನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ನಾಯಿ ಎಳೆದಾಡುತ್ತದೆ. ಆಳವಾಗಿ ಹೂತು ಮೇಲೆ ಸುಣ್ಣ ಹಾಕಿ.

ಬೇಣದ ಗೌಡ
ಇದು ಉಪಯೋಗದ ಮಾತು. ಒಂದು ಕೇಳುತ್ತೇನೆ. ನಮ್ಮ ಹತ್ತಿರ ಗಿಡ್ಡ ಮಣಕ ಎರಡಿದೆ. ಮಗ ಜರ್ಸಿ ಹಾಕಿಸೋಣ, ಹಾಲು ಜಾಸ್ತಿ ಬರುತ್ತದೆ ಅಂತ ಹಟ ಹಿಡಿದಿದ್ದಾನೆ.

ಸೊರಬ ಕಡೆ ಡಾಕ್ಟರ್
ಬೇಡ. ಗಿಡ್ಡದ ದೊಡ್ಡ ದನವೇ 100 ಕೆಜಿ ಆಸುಪಾಸು ತೂಗುತ್ತದೆ. ಮೊದಲ ಬಸುರಿಗೆ ದೊಡ್ಡ ಜಾತಿಯ ಕರು ಹೊಟ್ಟೆಗೆ ಹಾಕಿದರೆ ಹೊರಗೆ ಬರುವಾಗ ಸಿಕ್ಕಿಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ನಾಲ್ಕು ಜನ ಹಗ್ಗ ಕಟ್ಟಿ ಎಳೆಯುವುದು ಆಮೇಲೆ. ಗಿಡ್ಡಕ್ಕೆ ಗಿಡ್ಡದ ಹೋರಿಯೇ ಇರಲಿ, ಅಥವಾ ಗಿಡ್ಡದ ಕಡ್ಡಿ ಸಿಗುತ್ತದಾ ಅಂತ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಈ ಒಂದು ವಿಷಯದಲ್ಲಿ ನಾನು ನಿಮ್ಮ ಪಾರ್ಟಿ ಗೌಡ್ರೇ.

ಯಾವ ಜಾತಿಯಾದರೂ ಮಣಕಕ್ಕೆ ವಯಸ್ಸು ನೋಡಿ ಹಾಕಿಸಬೇಡಿ, ತೂಕ ನೋಡಿ. ಆ ಜಾತಿಯ ದೊಡ್ಡ ದನದ ತೂಕದಲ್ಲಿ ನೂರಕ್ಕೆ 60 ಆಗಿರಬೇಕು.

ಬೇಣದ ಗೌಡ
ಮಗನಿಗೆ ಇದನ್ನೇ ತೋರಿಸುತ್ತೇನೆ. ಅಪ್ಪ ಹೇಳಿದರೆ ಕೇಳುವುದಿಲ್ಲ, ಮೊಬೈಲು ಹೇಳಿದರೆ ಕೇಳುತ್ತಾನೆ.

ಹೊಸನಗರ ಎಮ್ಮೆ
ಎಲ್ಲ ದನದ್ದೇ ಆಯ್ತು. ನಮ್ಮ ಎಮ್ಮೆ ಬೆದೆಗೆ ಬರುವುದೇ ಗೊತ್ತಾಗುವುದಿಲ್ಲ. ಏನು ಮಾಡುವುದು?

ಕೊಟ್ಟಿಗೆ ಅಕ್ಕ
ಎಮ್ಮೆದು ಮೂಕ ಬೆದೆ. ಕೂಗುವುದೂ ಕಡಿಮೆ, ಹತ್ತುವುದೂ ಕಡಿಮೆ, ಬಂದರೂ ಹೆಚ್ಚಾಗಿ ರಾತ್ರಿ ಬೆಳಗಿನ ಜಾವದಲ್ಲಿ. ಸೆಖೆಗಾಲದಲ್ಲಿ ಇನ್ನೂ ಕಷ್ಟ, ಎಮ್ಮೆಗೆ ಕಪ್ಪು ಚರ್ಮ, ಬೆವರೂ ಕಡಿಮೆ, ಕೆಸರೋ ನೀರೋ ಇಲ್ಲದಿದ್ದರೆ ಮೈ ಕಾದು ಬೆದೆ ಅಡಗುತ್ತದೆ. ಏಪ್ರಿಲ್ ಮೇನಲ್ಲಿ ದಿನಕ್ಕೆ ಎರಡು ಸಲ ಮೈಗೆ ನೀರು ಹಾಕಿ. ಮಳೆಗಾಲ ಕಳೆದ ಮೇಲೆ ಚೆನ್ನಾಗಿ ಕಾಣಿಸುತ್ತದೆ. ಸುತ್ತು 21 ದಿನವೇ, ಆದರೆ ಗಬ್ಬ ದನದ ಹಾಗೆ 280 ದಿನ ಅಲ್ಲ, 310 ದಿನ. ಒಂಬತ್ತು ತಿಂಗಳಾಯ್ತು ಇನ್ನೂ ಈಯಲಿಲ್ಲ ಅಂತ ಗಾಬರಿ ಬೀಳಬೇಡಿ.

ತೋಟದ ಮನೆ ಸೊಸೆ
ಹೆಣ್ಣು ಕರುವೇ ಹುಟ್ಟುವ ಕಡ್ಡಿ ಬಂದಿದೆಯಂತಲ್ಲ, ನಿಜವಾ? ಹೋರಿಗರು ಹುಟ್ಟಿದರೆ ನಮ್ಮ ಅತ್ತೆ ದನಕ್ಕೇ ಬೈಯುತ್ತಾರೆ.

ಸೊರಬ ಕಡೆ ಡಾಕ್ಟರ್
ದನಕ್ಕೆ ಬೈಯುವುದು ಅನ್ಯಾಯ, ಗಂಡು ಹೆಣ್ಣು ತೀರ್ಮಾನ ಆಗುವುದು ಹೋರಿಯ ವೀರ್ಯಾಣುವಿನಿಂದ. ಕಡ್ಡಿ ನಿಜ. ಹೆಣ್ಣಾಗುವ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ನೂರಕ್ಕೆ ನಾಲ್ಕು ಪಾಲು ಜಾಸ್ತಿ ಇರುತ್ತದೆ. ಬಣ್ಣ ಹಾಕಿ ಲೇಸರ್ ಬೆಳಕಿನಲ್ಲಿ ಒಂದೊಂದನ್ನೇ ಬೇರೆ ಮಾಡುತ್ತಾರೆ. ನೂರಕ್ಕೆ 90 ಹೆಣ್ಣು. ಆದರೆ ಆ ಕಡ್ಡಿಯಲ್ಲಿ ವೀರ್ಯಾಣುಗಳ ಸಂಖ್ಯೆ ತುಂಬಾ ಕಡಿಮೆ, ಗಬ್ಬ ನಿಲ್ಲುವುದೂ ಸ್ವಲ್ಪ ಕಡಿಮೆ. ಚೆನ್ನಾಗಿ ಬೆಳೆದ ಮಣಕಕ್ಕೆ ಹಾಕಿಸಿ. ರಿಪ್ಪನ್‌ಪೇಟೆ ಹುಡುಗನ ದನದಂಥದ್ದಕ್ಕೆ ಹಾಕಿಸಿ ದುಡ್ಡು ಕಳೆಯಬೇಡಿ.

ರಿಪ್ಪನ್‌ಪೇಟೆ ಹುಡುಗ
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನಾಡಿದ್ದು ಡಾಕ್ಟರಿಗೆ ತೋರಿಸುತ್ತೇವೆ. ಬೆದೆಗೆ ತರುವ ಇಂಜೆಕ್ಷನ್ ಇದೆ, ಮೆಡಿಕಲ್‌ನಿಂದ ತಂದು ನಾವೇ ಕೊಡಬಹುದು ಅಂತ ಒಬ್ಬರು ಹೇಳಿದರು. ಕೊಡಬಹುದಾ?

ಸೊರಬ ಕಡೆ ಡಾಕ್ಟರ್
ದಯವಿಟ್ಟು ಬೇಡ. ಮೇಲೆ ಹೇಳಿದೆನಲ್ಲ ಪ್ರೊಸ್ಟಗ್ಲಾಂಡಿನ್, ಆ ಇಂಜೆಕ್ಷನ್ ಅದೇ. ಹಳದಿ ಗಂಟು ಬಲಿತಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಬೆದೆ ಆಗಿ ಮೊದಲ ಐದು ದಿನದಲ್ಲಿ ಕೊಟ್ಟರೆ ವ್ಯರ್ಥ. ಗಬ್ಬ ಇರುವ ದನಕ್ಕೆ ಕೊಟ್ಟರೆ ಗರ್ಭ ಜಾರುತ್ತದೆ. ಗಬ್ಬ ಇದ್ದೂ ಬೆದೆಯ ಲಕ್ಷಣ ತೋರಿಸುವ ದನಗಳು ಇರುತ್ತವೆ, ಹಾಗೇ ಗಬ್ಬ ಇಲ್ಲದೆಯೂ ಬೆದೆ ತೋರಿಸದೆ ಸುಮ್ಮನಿರುವ ದನಗಳೂ ಇರುತ್ತವೆ. ಅದಕ್ಕೇ ಸೂಜಿ ಹಾಕಿಸಿ ಎರಡು ತಿಂಗಳಿಗೆ ಕೈ ಹಾಕಿಸಿ ನೋಡಿಸಬೇಕು. ಸ್ಕ್ಯಾನಿಂಗ್ ಇದ್ದರೆ ಒಂದು ತಿಂಗಳಿಗೇ ಗೊತ್ತಾಗುತ್ತದೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಬಸುರಿ ಹೆಂಗಸರು ಆ ಇಂಜೆಕ್ಷನ್ ಮುಟ್ಟಲೂ ಬಾರದು, ಚರ್ಮದ ಮೂಲಕ ಒಳಗೆ ಹೋಗುತ್ತದೆ. ಉಬ್ಬಸ ಇರುವವರೂ ಅಷ್ಟೇ.

ನಾಡಿದ್ದು ಹೋಗುವಾಗ ಕರು ಹಾಕಿದ ದಿನ, ಮಾಸು ಬಿದ್ದದ್ದು ಯಾವಾಗ, ಪ್ರತಿ ಬೆದೆ ಮತ್ತು ಸೂಜಿಯ ತಾರೀಕು, ಲೋಳೆಯ ಬಣ್ಣ, ದಿನಕ್ಕೆ ಏನೇನು ಮೇವು, ಇಷ್ಟು ಬರೆದುಕೊಂಡು ಹೋಗಿ.

ದರಗಿನ ಗುಡ್ಡೆ
ನನ್ನದೂ ಒಂದು. ನಮ್ಮ ದನ ಅವಳಿ ಹಾಕಿದೆ, ಒಂದು ಹೋರಿಗರು, ಒಂದು ಹೆಣ್ಣು. ಹೆಣ್ಣನ್ನು ಸಾಕೋಣ ಅಂತಿದ್ದೆ. ಒಬ್ಬರು ಅದು ಗೊಡ್ಡು ಆಗುತ್ತದೆ ಅಂದರು. ಇದೂ ಅಜ್ಜಿ ಕತೆಯಾ?

ಸೊರಬ ಕಡೆ ಡಾಕ್ಟರ್
ಇದು ಕತೆ ಅಲ್ಲ. ದನದ ಹೊಟ್ಟೆಯಲ್ಲಿ ಅವಳಿಗಳ ಮಾಸಿನ ರಕ್ತನಾಳ ಹೆಚ್ಚಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗಂಡಿನ ಹಾರ್ಮೋನು ಹೆಣ್ಣಿನ ಮೈಗೆ ಹರಿದು ಅದರ ಗರ್ಭಕೋಶ, ಅಂಡಾಶಯ ಬೆಳೆಯುವುದೇ ಇಲ್ಲ. ಗಂಡಿನ ಜೊತೆ ಹುಟ್ಟಿದ ಹೆಣ್ಣುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಗೊಡ್ಡು. ಹೋರಿಗರುವಿಗೆ ಸಾಮಾನ್ಯವಾಗಿ ಅಷ್ಟು ತೊಂದರೆ ಇಲ್ಲ. ಎರಡೂ ಹೆಣ್ಣಾಗಿದ್ದರೆ ಚಿಂತೆಯೇ ಇರಲಿಲ್ಲ. ಈಗಲೇ ಡಾಕ್ಟರಿಗೆ ತೋರಿಸಿ, ಯೋನಿಯ ಆಳ ಅಳೆದು ನೋಡುತ್ತಾರೆ, ಗೊಡ್ಡಾದರೆ ಆಳ ತೀರಾ ಕಡಿಮೆ ಇರುತ್ತದೆ. ಮೂರು ವರ್ಷ ಹಿಂಡಿ ಹಾಕಿ ಆಮೇಲೆ ತಿಳಿಯುವುದು ಬೇಡ.

ಎರಡಕ್ಕೂ ಗಿಣ್ಣು ಸಾಕಷ್ಟು ಸಿಕ್ಕಿದೆಯಾ? ದನದ ಮಾಸು ರೋಗನಿರೋಧಕ ಶಕ್ತಿಯನ್ನು ಹೊಟ್ಟೆಯೊಳಗಿನ ಕರುವಿಗೆ ದಾಟಿಸುವುದಿಲ್ಲ, ಪೂರ್ತಿ ಗಿಣ್ಣಿನಿಂದಲೇ ಬರಬೇಕು. ಅದೂ ಮೊದಲ ಆರು ಗಂಟೆಯಲ್ಲಿ ಕುಡಿದದ್ದು ಚೆನ್ನಾಗಿ ಹತ್ತುತ್ತದೆ, ಒಂದು ದಿನ ಕಳೆದರೆ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 25 ಕೆಜಿ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಬೇಕು.

ದರಗಿನ ಗುಡ್ಡೆ
ಗಿಣ್ಣು ಸಿಕ್ಕಿದೆ. ಈ ಸಲ ನೆಂಟರಿಗೆ ಒಂದು ಲೋಟವೂ ಕೊಡಲಿಲ್ಲ, ಅದಕ್ಕೇ ಸಿಟ್ಟು ಮಾಡಿಕೊಂಡಿದ್ದಾರೆ. ನಮ್ಮ ಆಡು ಪ್ರತಿ ಸಲ ಅವಳಿಯೇ ಹಾಕುವುದು, ಗಂಡು ಹೆಣ್ಣು ಎರಡೂ ಇರುತ್ತವೆ. ಹಾಗಾದರೆ ಅವೂ ಗೊಡ್ಡಾ?

ಸೊರಬ ಕಡೆ ಡಾಕ್ಟರ್
ಅಲ್ಲ. ಆಡು ಕುರಿಗಳಲ್ಲಿ ಅವಳಿ ತೀರಾ ಸಾಮಾನ್ಯ, ರಕ್ತನಾಳ ಕೂಡಿಕೊಳ್ಳುವುದು ಅಪರೂಪ. ಆ ಮರಿಗಳನ್ನು ಧೈರ್ಯವಾಗಿ ಸಾಕಿ. 150 ದಿನಕ್ಕೆ ಮರಿ, 21 ದಿನಕ್ಕೆ ಬೆದೆ, ಕುರಿಗೆ 17. ಹೋತ ಮಾತ್ರ ಅದೇ ತಾಯಿಯ ಮಗ ಆಗಿರಬಾರದು, ಎರಡು ವರ್ಷಕ್ಕೊಮ್ಮೆ ಬೇರೆ ಊರಿನಿಂದ ಬದಲಾಯಿಸಿ. ಕರುವನ್ನು ತೋರಿಸಿದ ಮೇಲೆ ಡಾಕ್ಟರು ಏನಂದರು ಅಂತ ಇಲ್ಲೇ ಬರೆಯಿರಿ.